ಬೇಗ ಬಂದ ಉತ್ತರವನ್ನು ನಂಬದ ಆಪಾ

ಕಂಪ್ಯೂಟರಿನ ಬೆನ್ನಿಗೆ ಅಂಗೈ ಒಡ್ಡಿ ನಿಲ್ಲುವುದು ಆಪಾರ ಅಭ್ಯಾಸ. ಹಿಂಬದಿಯ ಜಾಲರಿಯಿಂದ ಬಿಸಿಗಾಳಿ ಭರ್ರೆಂದು ಬರುತ್ತಿದ್ದರೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರಂತೆ ಕಣ್ಣು ಅರೆಮುಚ್ಚಿ, ‘ಹ್ಞಾಂ, ಈಗ ದುಡೀತಾ ಇದಾನೆ’ ಎನ್ನುತ್ತಿದ್ದರು. ಗಾಳಿ ಬರೀ ಬೆಚ್ಚಗಿದ್ದರೆ ಮುಖ ಸಿಂಡರಿಸಿ, ‘ಕಾಯ್ತಾ ಕೂತಿದಾನೆ ಕಣೋ, ಎಲೆ ಮುಂದೆ ಕೂತವನಿಗೆ ಇನ್ನೂ ಅನ್ನ ಬಡಿಸಿಲ್ಲ’ ಎನ್ನುತ್ತಿದ್ದರು. ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿಯೇ ಬೆಳೆದಿತ್ತು. ಚಿಕ್ಕಂದಿನಲ್ಲಿ ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ಬಾಗಿಲಿಗೆ ಸಿಕ್ಕಿ ಆದದ್ದಂತೆ. ಗಾಳಿಯ ಬಿಸಿ ಮೊದಲು ತಿಳಿಯುವುದು ಆ ಸೀಳಿನಲ್ಲೇ ಎಂದು ಹೇಳಿ ನಮ್ಮನ್ನು ನಂಬಿಸಿದ್ದರು. ನಾನು ಬಹಳ ಕಾಲ ನಂಬಿಯೂ ಇದ್ದೆ.

ಕಡೂರಿಗೂ ಬೀರೂರಿಗೂ ನಡುವೆ ಇದ್ದ ಒಂದು ಸಾಧಾರಣ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಅವರ ಬೀದಿಯ ಹುಡುಗನೊಬ್ಬ ನಮ್ಮಲ್ಲಿ ಓದುತ್ತಿದ್ದ. ಅವನು ಕಾರಿಡಾರಿನಲ್ಲಿ ‘ಆಪಾ’ ಎಂದು ಕರೆದದ್ದೇ ಕರೆದದ್ದು, ಅಕ್ಕ ಎನ್ನುವ ಆ ಮಾತು ಕಾಲೇಜಿಗೆಲ್ಲ ಅಂಟಿಕೊಂಡಿತು. ಪ್ರಿನ್ಸಿಪಾಲರು ಕೂಡ ಸಭೆಯಲ್ಲಿ ಒಮ್ಮೆ ಬಾಯಿತಪ್ಪಿ ಆಪಾ ಅಂದು, ಕೆಮ್ಮಿ, ‘ಮೇಡಂ’ ಎಂದು ತಿದ್ದಿಕೊಂಡಿದ್ದರು. ಅದಕ್ಕೆ ಮೊದಲು ಆಪಾ ಬೇರೆ ರಾಜ್ಯದ ಒಂದು ದೊಡ್ಡ ಸಂಸ್ಥೆಯಲ್ಲಿ ಮಳೆ ಗಾಳಿಗಳ ಲೆಕ್ಕ ಮಾಡುವ ಪ್ರೋಗ್ರಾಮುಗಳ ನಡುವೆ ವರ್ಷಾನುಗಟ್ಟಲೆ ಇದ್ದು ಬಂದವರು. ಅಷ್ಟು ದೊಡ್ಡ ಕಡೆಯಿಂದ ಇಲ್ಲಿಗೆ ಯಾಕೆ ಬಂದಿರಿ ಎಂದರೆ ಕೇಳಿದವರ ಮೂತಿ ನೋಡಿ ಉತ್ತರ ಕೊಡುತ್ತಿದ್ದರು. ನನಗೆ ಸಿಕ್ಕ ಉತ್ತರ, ‘ಅಲ್ಲಿ ಮಂಡಕ್ಕಿ ಚೆನ್ನಾಗಿರ್ಲಿಲ್ಲ ಕಣಪ್ಪಾ’.

ಅವರ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಅವರನ್ನು ಹೇಳಿದಂತಾಗುವುದಿಲ್ಲ. ಹೊಳೆಯ ನೀರು ಹೇಗೆ ಹರಿಯುತ್ತದೆ, ಮೋಡ ಎಲ್ಲಿ ಸುರಿಯುತ್ತದೆ ಎಂದು ಕಂಪ್ಯೂಟರಿನೊಳಗೆ ಆಡಿಸಿ ನೋಡಬಹುದು. ಅದಕ್ಕೆ ನೆಲವನ್ನು ಲಕ್ಷಗಟ್ಟಲೆ ಸಣ್ಣ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕಕ್ಕೂ ಕ್ಷಣಕ್ಷಣದ ಲೆಕ್ಕ ಹಾಕಬೇಕು. ಈಗಿನ ಒಂದು ಪ್ರೊಸೆಸರಿನಲ್ಲಿ ಹತ್ತಾರು ಕೋರ್‌ಗಳಿರುತ್ತವೆ, ಅಂದರೆ ಒಟ್ಟಿಗೆ ದುಡಿಯುವ ಹತ್ತಾರು ಆಳುಗಳು. ಆಳು ಹೆಚ್ಚಾದಷ್ಟೂ ಕೆಲಸ ಬೇಗ ಎಂದು ನಾವೆಲ್ಲ ತಿಳಿದಿರುತ್ತೇವೆ. ಆಪಾ ಮೊದಲ ತರಗತಿಯಲ್ಲೇ ಆ ನಂಬಿಕೆಯ ಗಾಳಿ ತೆಗೆಯುತ್ತಿದ್ದರು. ‘ಮದುವೆ ಅಡುಗೆಗೆ ಅರವತ್ತು ಜನ ಬಂದ್ರು ಅನ್ನು. ಕಾಯಿ ತುರಿಯೋ ಮಣೆ ಇರೋದು ನಾಲ್ಕು. ಮಿಕ್ಕೋರು ಏನ್ ಮಾಡ್ತಾರೆ? ಹರಟೆ ಹೊಡೀತಾರೆ.’ ಕೋರ್‌ಗಳಿಗೆ ಅಂಕಿಗಳು ಬರುವುದು ಮೆಮೊರಿಯಿಂದ, ಆ ದಾರಿ ಇಕ್ಕಟ್ಟು. ಆದ್ದರಿಂದ ನಕ್ಷೆಯನ್ನು ಎಷ್ಟೆಷ್ಟು ಅಗಲದ ಪಟ್ಟಿಗಳಾಗಿ ಕೊಯ್ದು ಹಂಚಬೇಕು, ಎಷ್ಟು ಕೋರ್‌ಗಳನ್ನು ಎಬ್ಬಿಸಬೇಕು, ಯಾವ ಲೆಕ್ಕ ಮೊದಲು ಯಾವುದು ಆಮೇಲೆ, ಇವುಗಳ ಮೇಲೆ ಎಲ್ಲ ನಿಂತಿದೆ. ಒಂದು ಯಂತ್ರಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಸಾವಿರ ಬಗೆಯಲ್ಲಿ ಕೊಯ್ದು ನೋಡಿ ಯಾವುದು ಬೇಗ ಮುಗಿಯಿತು ಎಂದು ತಾನೇ ಆರಿಸುವ ಇನ್ನೊಂದು ಪ್ರೋಗ್ರಾಮನ್ನು ಆಪಾ ಬರೆದಿದ್ದರು. ಅದನ್ನು ನಾವು ಟ್ಯೂನರ್ ಎನ್ನುತ್ತಿದ್ದೆವು.

ತಾನೇ ಹುಡುಕುವ ಯಂತ್ರ ಮಾಡಿಟ್ಟ ಮೇಲೆ ಮನುಷ್ಯ ಕಾಲು ಚಾಚಿ ಕೂರಬೇಕು ತಾನೆ? ಆಪಾ ಕೂರಲು ಬಿಡುತ್ತಿರಲಿಲ್ಲ. ಟ್ಯೂನರ್ ಶುರು ಮಾಡುವ ಮೊದಲು ಲ್ಯಾಬಿನಲ್ಲಿ ಇದ್ದವರೆಲ್ಲ ತಮ್ಮ ಊಹೆಯನ್ನು ಗೋಡೆಯ ಕಪ್ಪುಹಲಗೆಯ ಮೇಲೆ ಬರೆಯಬೇಕು. ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾವ ಬಗೆ ಗೆಲ್ಲುತ್ತದೆ ಎಂದು. ತೀರಾ ಹೊರಗೆ ಹೊಡೆದವರು ಎಲ್ಲರಿಗೂ ಖಾರಮಂಡಕ್ಕಿ ತರಬೇಕು. ಒಮ್ಮೆ ನಾನು ಸೋತ ಸಿಟ್ಟಿನಲ್ಲಿ, ‘ಹೇಗೂ ಅದೇ ಹುಡುಕುತ್ತಲ್ಲ ಆಪಾ, ನಾವ್ಯಾಕೆ ಊಹೆ ಮಾಡ್ಬೇಕು?’ ಎಂದು ಕೇಳಿದೆ.

‘ನಿನಗೆ ಆಶ್ಚರ್ಯ ಆಗ್ಬೇಕಾದ್ರೆ ನಿನ್ನ ಹತ್ರ ಮೊದಲು ಒಂದು ಊಹೆ ಇರ್ಬೇಕಲ್ಲಪ್ಪಾ,’ ಅಂದರು. ‘ಊಹೆನೇ ಇಲ್ದೋನು ಏನು ಬಂದ್ರೂ ತಲೆ ಆಡಿಸ್ತಾನೆ, ಕೋಲೆಬಸವನ ಹಾಗೆ.’

ಆ ಮಾತಿಗೆ ಹುಡುಗರೆಲ್ಲ ನಕ್ಕರು. ನಾನು ಮಂಡಕ್ಕಿ ತರಲು ಹೋದೆ.

ಒಳ್ಳೆಯವರು ಎಂದ ಮಾತ್ರಕ್ಕೆ ಮೆತ್ತಗಿನವರು ಎಂದು ತಿಳಿಯಬೇಡಿ. ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಓಡಿಸಿಯೇ ನೋಡದೆ ‘ಇದೇ ಬೆಸ್ಟ್ ಮೇಡಂ’ ಅಂದರೆ, ‘ಯಾರು ಹೇಳಿದ್ರು? ನಿಮ್ಮ ಮಾವನಾ?’ ಎನ್ನುತ್ತಿದ್ದರು. ರಂಜಾನ್ ತಿಂಗಳ ಮಧ್ಯಾಹ್ನಗಳಲ್ಲಿ ನಾವು ಅವರ ಎದುರು ಟೀ ಕುಡಿಯಲು ಹಿಂಜರಿದರೆ ಅದಕ್ಕೂ ಬೈಗುಳವೇ. ಉಪವಾಸ ನನ್ನದು, ಟೀ ನಿಮ್ಮದು, ಮಧ್ಯೆ ಈ ನಾಟಕ ಯಾಕೆ ಎಂದು. ನನ್ನ ತಾಯಿ ಅಜ್ಜಂಪುರದಿಂದ ಕಳಿಸುತ್ತಿದ್ದ ಹುರುಳಿಕಾಳಿನ ಸಾರೆಂದರೆ ಮಾತ್ರ ಅವರು ಹತ್ತು ವರ್ಷದ ಮಗುವಾಗಿಬಿಡುತ್ತಿದ್ದರು.

ಅವರು ಎಂಥವರು ಎಂದು ನನಗೆ ನಿಜವಾಗಿ ತಿಳಿದದ್ದು ಕೆರೆಯ ವಿಷಯದಲ್ಲಿ. ಅಂತರಘಟ್ಟೆಯ ಆಚೆಗೆ ಒಂದು ಹಳೆಯ ದೊಡ್ಡ ಕೆರೆ. ಊರಿನ ಹೆಸರು ಬೇಡ, ಅಲ್ಲಿ ಇವತ್ತಿಗೂ ನಮ್ಮನ್ನು ಕಂಡರೆ ಗೊಣಗುವವರಿದ್ದಾರೆ. ಆ ವರ್ಷ ಮುಂಗಾರು ಬೇಗ ಹಿಡಿದು, ಕೆರೆ ತುಂಬುತ್ತ ಬಂದು, ಏರಿಯ ಬುಡದಲ್ಲಿ ನೀರು ಜಿನುಗತೊಡಗಿತು. ಏರಿ ಒಡೆದರೆ ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಮನೆಗಳನ್ನು ಖಾಲಿ ಮಾಡಿಸಬೇಕು ಎಂದು ಲೆಕ್ಕ ಮಾಡಿಕೊಡಿ ಎಂದು ತಾಲ್ಲೂಕು ಕಚೇರಿಯವರು ಕಾಲೇಜಿಗೆ ಬಂದರು. ಏರಿ ಎಲ್ಲಿ ಬೇಕಾದರೂ ಒಡೆಯಬಹುದು, ಕೆರೆ ಎಷ್ಟಾದರೂ ತುಂಬಿರಬಹುದು. ಹಾಗೆ ನೂರಾರು ಬಗೆ ಆಡಿಸಿ ನೋಡಬೇಕು. ನಮ್ಮ ಪ್ರೋಗ್ರಾಮಿಗೆ ಒಂದೊಂದು ಆಟಕ್ಕೂ ಅರ್ಧ ಗಂಟೆ ಹಿಡಿಯುತ್ತಿತ್ತು. ಮಳೆ ಕಾಯುವುದಿಲ್ಲ.

‘ಟ್ಯೂನರ್ ಓಡಿಸೋಣ,’ ಅಂದರು ಆಪಾ. ಅದಕ್ಕಾಗಿ ನಕ್ಷೆಯನ್ನು ಪಟ್ಟಿಗಳಾಗಿ ಕೊಯ್ಯುವ ಹೊಸ ಭಾಗವನ್ನು ತಾವೇ ಕೂತು ಬರೆದರು. ಒಂದು ಸಣ್ಣ ನಕ್ಷೆಯ ಮೇಲೆ ಪರೀಕ್ಷೆ ಮಾಡಿದರು, ಉತ್ತರ ಸರಿ ಬಂತು. ಹಲಗೆಯ ಮೇಲೆ ತಮ್ಮ ಊಹೆ ಬರೆದರು. ಮೊದಲಿನ ಅರ್ಧ ಹೊತ್ತಿಗೆ ಮುಗಿಯಬಹುದು ಎಂದು. ಟ್ಯೂನರ್ ಓಡಿತು. ಗೆದ್ದ ಬಗೆ ಮೊದಲಿನ ಮೂರನೇ ಒಂದು ಪಾಲು ಹೊತ್ತಿಗೇ ಮುಗಿಸಿತ್ತು. ಹುಡುಗರು ಮೇಜು ಬಡಿದರು. ಆಪಾ, ‘ಈ ಸಲ ಮಂಡಕ್ಕಿ ನಂದೇ’ ಎಂದು ನಕ್ಕರು. ನಿಜಕ್ಕೂ ಖುಷಿಯಾಗಿದ್ದರು. ಅಷ್ಟು ಹಾಯಾಗಿ ಅವರು ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಆಮೇಲೆ ಎಲ್ಲ ಆಟಗಳೂ ಚಕಚಕನೆ ಮುಗಿದವು. ಪ್ರತಿ ಚಿತ್ರದಲ್ಲೂ ನೀರು ಗದ್ದೆಗಳನ್ನು ಮುಳುಗಿಸಿ, ಊರ ನಡುವಿನ ಡಾಂಬರು ರಸ್ತೆಯ ಹತ್ತಿರ ಬಂದು ನಿಲ್ಲುತ್ತಿತ್ತು. ರಸ್ತೆಯ ಆಚೆಗಿನ ಕೆಳಗಿನ ಕೇರಿ ಒಣಗಿಯೇ ಇತ್ತು. ರಸ್ತೆ ಎತ್ತರಿಸಿ ಹಾಕಿದ್ದಾರಲ್ಲ, ಅದೇ ಏರಿಯ ಹಾಗೆ ನೀರನ್ನು ತಡೆಯುತ್ತದೆ ಎಂದು ನೀರಾವರಿ ಇಲಾಖೆಯ ಇಂಜಿನಿಯರ್ ಹೇಳಿದರು. ಹೌದೆನಿಸಿತು. ನಾನೂ ಹೌದೆಂದೆ.

ಊರ ಶಾಲೆಯಲ್ಲಿ ಸಭೆ ಸೇರಿಸಿದರು. ಕೆಳಗಿನ ಕೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟವರೊಬ್ಬರಿದ್ದರು. ಗಿರಣಿಯ ಸದ್ದಿಗೆ ಕಿವಿ ಮಂದವಾಗಿ, ಯಾವಾಗಲೂ ಜಗಳವಾಡುವಷ್ಟು ಜೋರಾಗಿ ಮಾತಾಡುವವರು. ಅವರ ಮಗಳ ಮದುವೆ ಮುಂದಿನ ವಾರ, ಮನೆಯ ಮುಂದೆಯೇ. ಇಂಜಿನಿಯರರ ಮಾತಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ನೆಟ್ಟಗೆ ಆಪಾರ ಮುಂದೆ ಬಂದು ನಿಂತರು.

‘ನೀವ್ ಹೇಳಿ ಮೇಡಂ. ಲೆಕ್ಕ ಮಾಡಿರೋರು ನೀವು. ಚಪ್ಪರ ಹಾಕ್ಲಾ ಬ್ಯಾಡ್ವಾ?’

‘ಹಾಕಿ,’ ಅಂದರು ಆಪಾ. ‘ನೀರು ರಸ್ತೆ ದಾಟಲ್ಲ.’

ವಾಪಸಾಗುವಾಗ ಅಜ್ಜಂಪುರದಲ್ಲಿ ಬಸ್ಸು ಬದಲಿಸಲು ಇಳಿದಾಗ ಆಪಾ ಕೈಯಲ್ಲಿ ಟೀ ಲೋಟ ಹಿಡಿದು ಕುಡಿಯದೆ ಹಾಗೇ ನಿಂತಿದ್ದರು. ‘ಏನಾಯ್ತು ಆಪಾ?’ ಅಂದೆ. ‘ನನ್ನ ಊಹೆ ಯಾಕೆ ಅಷ್ಟು ತಪ್ಪಾಯ್ತು ಅಂತ ಯೋಚಿಸ್ತಾ ಇದೀನಿ,’ ಅಂದರು. ಒಳ್ಳೆಯದೇ ಆಯಿತಲ್ಲ, ಬೇಗ ಮುಗಿಯಿತಲ್ಲ ಎಂದು ನಾನು ಸಮಾಧಾನ ಹೇಳಿದೆ. ಆಗ ಅವರು ಅಪ್ಪನ ಮಾತು ಹೇಳಿದರು. ಅವರಪ್ಪ ಪ್ಯಾಸೆಂಜರ್ ರೈಲಿನಲ್ಲಿ ಗಾರ್ಡ್ ಆಗಿದ್ದವರು. ‘ಗಾಡಿ ಟೈಮಿಗಿಂತ ಮುಂಚೆ ಬಂದ್ರೆ ಖುಷಿ ಪಡ್ಬೇಡ, ಯಾವ ಸ್ಟೇಷನ್ನಲ್ಲಿ ನಿಲ್ಲಿಸದೆ ಬಂದ ಅಂತ ಕೇಳು ಅಂತಿದ್ರು ಅಬ್ಬಾ.’

ಮರುದಿನ ಬೆಳಿಗ್ಗೆ ನಾನು ಲ್ಯಾಬಿಗೆ ಹೋಗುವ ಹೊತ್ತಿಗೆ ಹಲಗೆ ತುಂಬಿತ್ತು. ನಕ್ಷೆಯಲ್ಲಿ ಇಷ್ಟು ಚೌಕಗಳು, ಒಂದೊಂದಕ್ಕೂ ಇಷ್ಟು ಅಂಕಿಗಳು, ಮೆಮೊರಿಯಿಂದ ಅವನ್ನು ಇಷ್ಟು ಸಲ ತರಬೇಕು, ಈ ಯಂತ್ರ ಒಂದು ಸೆಕೆಂಡಿಗೆ ತರಬಲ್ಲದ್ದು ಇಷ್ಟು. ಕೊನೆಯ ಸಾಲಿಗೆ ಬೆರಳಿಟ್ಟು ತೋರಿಸಿದರು. ಬೇರೆ ಯಾವ ಕೆಲಸವನ್ನೂ ಮಾಡದೆ ಬರೀ ಅಂಕಿಗಳನ್ನು ಹೊತ್ತು ತರುವುದಕ್ಕೇ ಟ್ಯೂನರ್ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು. ಅಂದರೆ ಅದು ಎಲ್ಲವನ್ನೂ ತಂದೇ ಇಲ್ಲ.

ತಪ್ಪು ಸಿಕ್ಕಲು ಹೆಚ್ಚು ಹೊತ್ತಾಗಲಿಲ್ಲ. ಸೀರೆಯಿಂದ ಒಂದೇ ಅಳತೆಯ ತುಂಡುಗಳನ್ನು ಕತ್ತರಿಸುತ್ತ ಹೋದರೆ ಕೊನೆಗೆ ಒಂದು ಚೂರು ಉಳಿಯುತ್ತದಲ್ಲ, ಹಾಗೆ ನಕ್ಷೆಯನ್ನು ಅಗಲವಾದ ಪಟ್ಟಿಗಳಾಗಿ ಕೊಯ್ದಾಗ ಕೆಳಗೆ ಉಳಿದ ತುಂಡಿಗೆ ಲೆಕ್ಕ ಮಾಡು ಎಂದು ಆಪಾ ಬರೆಯುವುದನ್ನೇ ಮರೆತಿದ್ದರು. ಪರೀಕ್ಷೆ ಮಾಡಿದ ಸಣ್ಣ ನಕ್ಷೆ ಸರಿಯಾಗಿ ಭಾಗವಾಗುವಂಥದ್ದು, ಅಲ್ಲಿ ತುಂಡು ಉಳಿದಿರಲಿಲ್ಲ. ದೊಡ್ಡ ನಕ್ಷೆಯಲ್ಲಿ ಮೂರರಲ್ಲೊಂದು ಪಾಲು ಉಳಿದುಬಿಟ್ಟಿತ್ತು. ಯಾರು ಬೇಗ ಮುಗಿಸುತ್ತಾರೆ ಎಂದಷ್ಟೇ ನೋಡುವ ಟ್ಯೂನರ್, ಕೆಲಸ ಬಿಟ್ಟವನಿಗೇ ಬಹುಮಾನ ಕೊಟ್ಟಿತ್ತು. ಉಳಿದ ತುಂಡು ಶುರುವಾಗುತ್ತಿದ್ದದ್ದು ರಸ್ತೆಯ ಅಂಚಿನಲ್ಲೇ. ಅಲ್ಲಿಗೆ ಬಂದ ನೀರು ಲೆಕ್ಕದಿಂದಲೇ ಮಾಯವಾಗುತ್ತಿತ್ತು. ಕೆಳಗಿನ ಕೇರಿ ಒಣಗಿ ಕಂಡದ್ದು ನೀರು ಬಾರದೆ ಅಲ್ಲ, ಅಲ್ಲಿ ನೀರಿದೆಯೇ ಎಂದು ಯಾರೂ ಕೇಳದೆ.

ತಿದ್ದಿ ಮತ್ತೆ ಓಡಿಸಿದೆವು. ಆಪಾರ ಊಹೆಯಂತೆ ಹಳೆಯ ಪ್ರೋಗ್ರಾಮಿನ ಅರ್ಧದಷ್ಟು ಹೊತ್ತು ಹಿಡಿಯಿತು. ತೂಬಿನ ಕಡೆ ಏರಿ ಒಡೆದರೆ ಕೆಳಗಿನ ಕೇರಿಯಲ್ಲಿ ಎದೆಮಟ್ಟ ನೀರು. ಗಿರಣಿಯ ಮನೆ ಮೊದಲನೆಯದು.

ಇಂಜಿನಿಯರಿಗೆ ಫೋನು ಮಾಡಿದೆವು. ‘ಹೊಸ ಸರ್ವೆ ಮಾಹಿತಿ ಬಂದಿದೆ, ಪರಿಷ್ಕೃತ ವರದಿ ಅಂತ ಕಳ್ಸಿ ಮೇಡಂ, ನಾವು ತಲುಪಿಸ್ತೀವಿ. ತಪ್ಪು ಗಿಪ್ಪು ಅಂತೆಲ್ಲ ಹೇಳ್ಬೇಡಿ, ಆಮೇಲೆ ಯಾರೂ ನಂಬಲ್ಲ,’ ಅಂದರು. ಮನುಷ್ಯ ಕೆಟ್ಟವರಲ್ಲ, ಆಪಾರ ಮಾನ ಉಳಿಸಲೆಂದೇ ಹೇಳಿದ್ದು. ನನಗೂ ಅದೇ ಸರಿ ಎನ್ನಿಸಿತ್ತು. ಆಪಾ ಫೋನಿಟ್ಟು ಚೀಲ ಹೆಗಲಿಗೆ ಹಾಕಿಕೊಂಡರು. ‘ಹಾಕಿ ಅಂತ ಬಾಯಲ್ಲಿ ಹೇಳಿದ್ದು ನಾನು. ಬಾಯಲ್ಲೇ ವಾಪಸ್ ತಗೋಬೇಕು. ನೀನು ಬರೋದಾದ್ರೆ ಬಾ.’

ನಾವು ಹೋದಾಗ ಗಿರಣಿಯ ಮನೆಯ ಮುಂದೆ ಚಪ್ಪರಕ್ಕೆ ತೆಂಗಿನ ಗರಿ ಹೊದಿಸಿ ಆಗಿತ್ತು. ಒಳಗೆ ಹೆಂಗಸರು ಹಪ್ಪಳ ಕರಿಯುತ್ತಿದ್ದರು. ಗಿರಣಿಯವರು ನಮ್ಮನ್ನು ಕಂಡು ಆಮಂತ್ರಣ ತರಲು ಒಳಗೆ ಹೊರಟರು. ಆಪಾ ಅವರನ್ನು ತಡೆದು ನಿಲ್ಲಿಸಿ, ಅವರ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ, ಅಂದರೆ ಇಡೀ ಕೇರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

‘ನಾನು ನಿಮಗೆ ತಪ್ಪು ಹೇಳಿದ್ದೆ. ಏರಿ ಒಡೆದ್ರೆ ನೀರು ರಸ್ತೆ ದಾಟುತ್ತೆ. ನಿಮ್ಮ ಮನೆಗೆ ಬರುತ್ತೆ.’

ಗಿರಣಿಯವರ ಮುಖ ಕೆಂಪಾಯಿತು. ‘ಮೊನ್ನೆ ಚಪ್ಪರ ಹಾಕಿ ಅಂದೋರು ನೀವೇ ಅಲ್ವಾ?’

‘ನಾನೇ.’

‘ಕಂಪ್ಯೂಟರ್ ತಪ್ಪು ಹೇಳ್ತಾ?’

‘ಇಲ್ಲ. ನಾನು ಏನ್ ಹೇಳಿದ್ನೋ ಅದನ್ನೇ ಅದು ಮಾಡ್ತು. ನಿಮ್ಮ ಕೇರಿ ಲೆಕ್ಕ ಮಾಡು ಅಂತ ಹೇಳೋದನ್ನ ನಾನು ಮರೆತೆ.’

‘ಮರ್ತ್ರಂತೆ,’ ಎಂದು ಅವರು ಸುತ್ತ ಸೇರಿದ್ದವರನ್ನು ನೋಡಿದರು. ‘ನಮ್ ಕೇರಿ ಮರ್ಯೋದು ಎಲ್ರಿಗೂ ರೂಢಿ ಐತೆ ಬಿಡಿ. ಸರಿ, ಈಗ ಹೇಳ್ತಿರೋದು ಸರಿ ಅನ್ನಾಕೆ ಏನ್ ಗ್ಯಾರಂಟಿ?’

ನಾನು ಬಾಯಿ ಹಾಕಲು ಹೋದೆ. ಆಪಾ ಕೈ ಅಡ್ಡ ಹಿಡಿದರು.

‘ಗ್ಯಾರಂಟಿ ಇಲ್ಲ,’ ಅಂದರು. ‘ಮೊನ್ನೆ ನಾನು ಸರಿಯಾಗಿ ಪರೀಕ್ಷೆ ಮಾಡಿರ್ಲಿಲ್ಲ. ಈಗ ಮಾಡಿದೀನಿ. ಕೆರೆಯಿಂದ ಹೊರಟ ನೀರೆಷ್ಟು, ಊರಲ್ಲಿ ನಿಂತ ನೀರೆಷ್ಟು ಅಂತ ತಾಳೆ ನೋಡಿದೀನಿ, ಈ ಸಲ ಸರಿಹೋಗಿದೆ. ಏರಿ ಒಡೀತದೆ ಅಂತ ನಾನು ಹೇಳ್ತಿಲ್ಲ. ಒಡೆದ್ರೆ ಇಲ್ಲಿ ಎದೆಮಟ್ಟ ನೀರು. ಮಗಳ ಮದುವೆ ಎತ್ತರದ ಕಡೆ ಮಾಡಿ. ಕೈ ಮುಗಿದು ಕೇಳ್ಕೋತೀನಿ.’ ನಿಜವಾಗಿಯೂ ಕೈ ಮುಗಿದರು.

ಅವರು ಇನ್ನೂ ಒಂದಷ್ಟು ಹೊತ್ತು ಬೈದರು. ನಾನು ಇಲ್ಲಿ ಬರೆಯಲಾಗದ ಮಾತುಗಳೂ ಅದರಲ್ಲಿದ್ದವು. ಆಪಾ ತಲೆ ತಗ್ಗಿಸಲಿಲ್ಲ, ಎದುರಾಡಲೂ ಇಲ್ಲ, ಪೂರ್ತಿ ಕೇಳಿಸಿಕೊಂಡರು. ವಿಭಾಗದ ಮೀಟಿಂಗಿನಲ್ಲಿ ಒಂದು ಅಡ್ಡ ಮಾತು ಸಹಿಸದ ಹೆಂಗಸು ಅಲ್ಲಿ ಬಿಸಿಲಿಗೆ ನಿಂತು ಅಷ್ಟನ್ನೂ ಕೇಳಿದರು. ಸಂಜೆಯ ಹೊತ್ತಿಗೆ ಚಪ್ಪರದ ಗರಿ ಕೆಳಗಿಳಿಯಿತು. ಕೇರಿಯವರೆಲ್ಲ ಗೊಣಗುತ್ತಲೇ ಪಾತ್ರೆಪಗಡಿ, ಕುರಿಕೋಳಿ ಹೊತ್ತು ಶಾಲೆಗೂ ನೆಂಟರ ಮನೆಗಳಿಗೂ ಹೋದರು. ಮದುವೆ ಅಜ್ಜಂಪುರದ ಒಂದು ಛತ್ರದಲ್ಲಿ ಇಕ್ಕಟ್ಟಿನಲ್ಲಿ ನಡೆಯಿತು. ಗಿರಣಿಯವರು ನಮ್ಮನ್ನು ಕರೆಯಲಿಲ್ಲ.

ಕೆರೆ ಒಡೆಯಲಿಲ್ಲ. ಮಳೆ ಜಡಿಯಿತು, ಕೋಡಿ ಬಿತ್ತು, ಇಲಾಖೆಯವರು ತೂಬು ತೆಗೆದು, ಮರಳು ಮೂಟೆ ಒಟ್ಟಿದರು, ಏರಿ ತಡೆದುಕೊಂಡಿತು. ಕೇರಿಯವರು ವಾಪಸ್ ಹೋದಾಗ ಅಂಗಳಗಳಲ್ಲಿ ಹುಲ್ಲು ಬೆಳೆದಿತ್ತೇ ಹೊರತು ಒಂದು ಹನಿ ಕೆರೆಯ ನೀರು ಇರಲಿಲ್ಲ. ಬಸ್ಸಿನಲ್ಲಿ ಆ ಕಡೆಯವರು ಸಿಕ್ಕರೆ ನನ್ನನ್ನು ನೋಡಿ, ‘ನೀರು ಬಂತಾ ಸಾ?’ ಎಂದು ಕಿಚಾಯಿಸುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಡೆದಿದ್ದರೆ ತಿಳಿಯುತ್ತಿತ್ತು ಇವರಿಗೆ ಎಂದು ಒಮ್ಮೆ ಆಪಾರ ಎದುರು ಅಂದೂಬಿಟ್ಟೆ. ಅವರು ಸಿಟ್ಟಿನಿಂದ ನನ್ನ ಕಡೆ ತಿರುಗಿದರು. ‘ನಮ್ಮ ಲೆಕ್ಕ ಸರಿ ಅಂತ ತೋರ್ಸೋಕೆ ಅವರ ಮನೆ ಮುಳುಗ್ಬೇಕಾ? ಹೋಗು, ಟೀ ತಗೊಂಡು ಬಾ,’ ಅಂದರು.

ಆಮೇಲೆ ಅವರು ಮಾಡಿದ್ದು ಒಂದೇ. ಟ್ಯೂನರನ್ನು ಬಿಚ್ಚಿ ಮತ್ತೆ ಬರೆದರು. ಯಾವ ಬಗೆಯೇ ಆಗಲಿ, ದೊಡ್ಡ ನಕ್ಷೆಯ ಮೇಲೆ ಅದರ ಉತ್ತರವನ್ನು ನಿಧಾನದ ಹಳೆಯ ಪ್ರೋಗ್ರಾಮಿನ ಉತ್ತರದ ಜೊತೆ ತಾಳೆ ನೋಡಿ, ಸರಿ ಇದ್ದರೆ ಮಾತ್ರ ಓಟಕ್ಕೆ ಬಿಡುವುದು. ಇದರಿಂದ ಟ್ಯೂನರೇ ನಿಧಾನವಾಯಿತು ಎಂದು ಹೊರಗಿನ ಒಬ್ಬ ಪಂಡಿತರು ಸೆಮಿನಾರಿನಲ್ಲಿ ಆಕ್ಷೇಪಿಸಿದಾಗ, ಆಪಾ ತುಂಬಿದ ಸಭೆಯಲ್ಲಿ ಕೆಳಗಿನ ಕೇರಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ‘ತಪ್ಪು ಮಾಡಿದವಳು’ ಎಂಬ ಜಾಗದಲ್ಲಿ ತಮ್ಮ ಹೆಸರನ್ನೇ ಹೇಳಿದರು. ನಾನು ಇಂದು ನನ್ನ ವಿದ್ಯಾರ್ಥಿಗಳಿಗೆ ಕಲಿಸುವ ಕಸುಬೆಲ್ಲ ಅವರದು. ಅವರ ಧೈರ್ಯ ಮಾತ್ರ ನನಗಿನ್ನೂ ಪೂರ್ತಿ ಬಂದಿಲ್ಲ.

ನಿವೃತ್ತಿಯಾದ ಮೇಲೆ ಅವರ ಹೃದಯ ಸೋತಿತ್ತು. ಆಸ್ಪತ್ರೆಗೆ ನೋಡಲು ಹೋದರೆ ಡಾಕ್ಟರರಿಗಿಂತ ಮೊದಲು ತಾವೇ ತಮ್ಮ ನಾಡಿಬಡಿತ ಊಹಿಸಿ ಹೇಳಿ ನರ್ಸುಗಳನ್ನು ನಗಿಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರ ತಮ್ಮನ ಮಗ ಫೋನು ಮಾಡಿ, ‘ಆಪಾ ಹೋಗ್ಬಿಟ್ರು’ ಎಂದ.

ಬೀರೂರಿನ ಖಬರಸ್ತಾನದಲ್ಲಿ ಅವರ ಹಳೆಯ ವಿದ್ಯಾರ್ಥಿಗಳು, ಬೀದಿಯವರು ಬಹಳ ಜನ ಸೇರಿದ್ದರು. ಗೋಡೆಯ ಪಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಒಬ್ಬರೇ ನಿಂತಿದ್ದವರನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗಿರಣಿಯವರು. ವಯಸ್ಸಾಗಿತ್ತು. ಮೊದಲ ಬಸ್ಸಿಗೇ ಬಂದಿದ್ದರಂತೆ. ಹತ್ತಿರ ಹೋದೆ.

‘ಕೆರೆ ಒಡೀಲಿಲ್ಲ ಕಣ್ರೀ,’ ಅಂದರು, ಹಳೆಯ ಜೋರು ದನಿಯಲ್ಲೇ. ಆಮೇಲೆ ಜಾಗ ನೆನಪಾಗಿ ದನಿ ತಗ್ಗಿಸಿದರು. ‘ನಮ್ ಕೇರಿಗೆ ಎಷ್ಟೋ ಜನ ದೊಡ್ಡೋರು ಬಂದು ಏನೇನೋ ಹೇಳಿ ಹೋಗವ್ರೆ. ತಪ್ಪು ಹೇಳ್ಬಿಟ್ಟೆ ಅಂತ ವಾಪಸ್ ಬಂದೋರು ಈ ಯಮ್ಮ ಒಬ್ರೇ. ನಾನು ಬೈದು ಕಳಿಸ್ದೆ.’

ಮಣ್ಣು ಹಾಕುವ ಹೊತ್ತಾಯಿತು. ಅವರು ಮುಂದೆ ಹೆಜ್ಜೆ ಇಟ್ಟು, ಅನುಮಾನಿಸಿ ನಿಂತು, ‘ನಾವೂ ಹಾಕ್ಬೋದಾ?’ ಎಂದು ಕೇಳಿದರು.

ಆಪಾರ ತಮ್ಮನ ಮಗ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.